ಮುಂಬಯಿಯ ಆಟದ ಬಯಲುಗಳೂ ಸರಕಾರದ ಹಂಚಿಕೆಯೂ

ಪ್ರತಿ ವರ್ಷ ನಮ್ಮ ಸಂಘದ ಸರ್ವಸಾಧಾರಣ ಸಭೆಯಲ್ಲಿ ಜಮಾ-ಖರ್ಚಿನ ಪಟ್ಟಿಯನ್ನು ಓದಿ ಮುಗಿಸಿ, ಚಹಾ ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಇರುವಾಗ, ಹಿರಿಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳುವುದುಂಟು. "ಈ ಊರಿನಲ್ಲಿ ಪಾರ್ಸಿಗಳಿಗೆ ಆಟದ ಬಯಲಿದೆ, ಹಿಂದೂಗಳಿಗಿದೆ, ಮುಸಲ್ಮಾನರಿಗಿದೆ, ಕ್ಯಾಥೊಲಿಕರಿಗಿದೆ. ಕನ್ನಡಿಗರಿಗೆ ಮಾತ್ರ ಏಕಿಲ್ಲ? ಸರಕಾರಕ್ಕೆ ಒಂದು ಅರ್ಜಿ ಹಾಕಬಾರದೇಕೆ?" ಕೂಡಲೇ ಚಪ್ಪಾಳೆ ಬೀಳುತ್ತದೆ. ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮರುವರ್ಷ ಅದೇ ಪ್ರಶ್ನೆ ಮತ್ತೆ ಏಳುತ್ತದೆ.

ಈ ಸಲ ಆ ಅರ್ಜಿಯ ಕರಡು ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿತು. ಬ್ಯಾಂಕಿನ ಗುಮಾಸ್ತರಾದವರಿಗೆ ಅರ್ಜಿಗಳ ಭಾಷೆ ಚೆನ್ನಾಗಿ ಗೊತ್ತು ಎಂಬ ಭಾವನೆ ನಮ್ಮ ಜನರಲ್ಲಿದೆ. ಅದು ಎಷ್ಟರಮಟ್ಟಿಗೆ ನಿಜವೋ ಕಾಣೆವು. ಆದರೆ ಹಳೆಯ ಖಾತೆಯನ್ನು ನೋಡದೆ ಹೊಸ ಸಾಲ ಕೊಡಬಾರದೆಂಬ ಒಂದು ಪಾಠವನ್ನು ಮಾತ್ರ ನಮ್ಮ ವೃತ್ತಿ ನಮಗೆ ಕಲಿಸಿದೆ. ಆದಕಾರಣ ಕಾಗದ ಕೈಗೆತ್ತಿಕೊಳ್ಳುವ ಮೊದಲು, ಈ ನಗರದಲ್ಲಿ ಸರಕಾರವು ಆಟದ ನೆಲಗಳನ್ನು ಯಾರಿಗೆ, ಯಾವ ಲೆಕ್ಕದಲ್ಲಿ ಹಂಚಿತು ಎಂಬ ಹಳೆಯ ಖಾತೆಯನ್ನು ತೆರೆದು ನೋಡಿದೆವು. ಅಲ್ಲಿ ಕಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚರ್ನಿ ರೋಡಿನಿಂದ ಮರೀನ್ ಲೈನ್ಸ್ ಕಡೆಗೆ ಲೋಕಲ್ ಗಾಡಿಯಲ್ಲಿ ಹೋಗುವಾಗ ಬಲಗಡೆಯ ಕಿಟಕಿಯಿಂದ ನೋಡಿದರೆ, ಹಳಿಗೂ ಸಮುದ್ರಕ್ಕೂ ನಡುವೆ ಸಾಲಾಗಿ ಹಸಿರು ಬಯಲುಗಳು ಕಾಣುತ್ತವೆ. ಇಸ್ಲಾಂ ಜಿಮಖಾನಾ, ಪಾರ್ಸಿ ಜಿಮಖಾನಾ, ಹಿಂದೂ ಜಿಮಖಾನಾ ಎಲ್ಲವೂ ಅದೇ ಸಾಲಿನಲ್ಲಿವೆ. ನಮ್ಮಲ್ಲಿ ಎಷ್ಟೋ ಜನ ವರುಷಗಟ್ಟಲೆ ಈ ದಾರಿಯಲ್ಲಿ ಓಡಾಡಿದವರೇ. ಒಂದೊಂದು ಮತದವರಿಗೆ ಒಂದೊಂದು ಬಯಲು ಹೀಗೆ ಅಚ್ಚುಕಟ್ಟಾಗಿ ಏಕೆ ಬಂದಿತೆಂದು ಕೇಳಿಕೊಂಡವರು ಮಾತ್ರ ಕಡಿಮೆ. ನಾವೂ ಕೇಳಿಕೊಂಡಿರಲಿಲ್ಲ.

ಕಥೆ ಆರಂಭವಾಗುವುದು ಈ ಸಮುದ್ರದಂಡೆಯಲ್ಲಲ್ಲ, ಕೋಟೆಯ ಬಳಿ. ಇಂದು ನಾವು ಫೋರ್ಟ್ ಎಂದು ಕರೆಯುವ ಭಾಗದ ಸುತ್ತ ಹಿಂದೆ ನಿಜವಾಗಿಯೂ ಕೋಟೆಗೋಡೆಯಿತ್ತು. ಶತ್ರು ಬಂದರೆ ಫಿರಂಗಿಗಳ ಗುಂಡಿಗೆ ಅಡ್ಡವಾಗಬಾರದೆಂದು ಗೋಡೆಯ ಹೊರಗೆ ವಿಶಾಲವಾದ ಬಯಲನ್ನು ಖಾಲಿ ಬಿಟ್ಟಿದ್ದರು. ಅದಕ್ಕೆ ಎಸ್‌ಪ್ಲನೇಡ್ ಎಂದು ಹೆಸರು. 1860ರ ದಶಕದಲ್ಲಿ ಸರ್ ಬಾರ್ಟಲ್ ಫ್ರೀರ್ ಗವರ್ನರರಾಗಿದ್ದಾಗ ಗೋಡೆಗಳನ್ನು ಕೆಡವಿದರು. ಬಯಲಿನ ನಡುವೆ ರಸ್ತೆಗಳು ಬಂದವು. ಉಳಿದ ತುಂಡುಗಳೇ ಇಂದಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್ ಮೈದಾನ ಮತ್ತು ಕೂಪರೇಜ್. ಅಂದರೆ ಮುಂಬಯಿಯ ಮಕ್ಕಳಿಗೆ ಆಟದ ನೆಲ ದೊರೆತದ್ದು ಯಾರ ಔದಾರ್ಯದಿಂದಲೂ ಅಲ್ಲ. ಯುದ್ಧದ ಭಯದಿಂದ ಖಾಲಿ ಬಿಟ್ಟಿದ್ದ ನೆಲ, ಭಯ ಕಳೆದ ಮೇಲೆ ಆಟಕ್ಕೆ ಒದಗಿತು.

ಆ ಬಯಲಿನಲ್ಲಿ ಸಿಪಾಯಿಗಳೂ ಸಾಹೇಬರೂ ಕ್ರಿಕೆಟ್ ಆಡುವುದನ್ನು ನೋಡಿ ಮೊದಲು ಕಲಿತವರು ಪಾರ್ಸಿ ಹುಡುಗರು. ಅವರ ಮೊದಲನೆಯ ಕ್ರಿಕೆಟ್ ಕ್ಲಬ್ಬು 1848ರಲ್ಲಿ ಹುಟ್ಟಿತು. ಹಿಂದೂಗಳ ಮೊದಲನೆಯ ಕ್ಲಬ್ಬು 1866ರಲ್ಲಿ ಬಂದಿತು. ಆಮೇಲೆ ಒಂದರ ಹಿಂದೊಂದು ಕ್ಲಬ್ಬುಗಳು ಎದ್ದವು. ಅವುಗಳ ಹೆಸರುಗಳನ್ನು ಓದಿದರೆ ನಗುವೂ ಬರುತ್ತದೆ, ವಿಚಾರವೂ ಹುಟ್ಟುತ್ತದೆ. ಗೌಡ ಸಾರಸ್ವತರದೊಂದು, ಕ್ಷತ್ರಿಯರದೊಂದು, ಗುಜರಾತಿಗಳದೊಂದು, ಮರಾಠರದೊಂದು, ತೆಲುಗು ತರುಣರದೊಂದು. ಊರು ಬಿಟ್ಟು ಬಂದವನು ಮೊದಲು ತನ್ನವರನ್ನು ಹುಡುಕುತ್ತಾನೆ. ನಾವೂ ಈ ಸಂಘವನ್ನು ಕಟ್ಟಿದ್ದು ಹಾಗೆಯೇ. ಆದ್ದರಿಂದ ಅವರನ್ನು ನಾವು ಹಳಿಯುವಂತಿಲ್ಲ. ಕ್ಲಬ್ಬುಗಳು ಬೇರೆಬೇರೆಯಾದರೂ ಆಡುವ ನೆಲ ಒಂದೇ ಆಗಿತ್ತೆಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ಎಲ್ಲರೂ ಅದೇ ಬಯಲಿನಲ್ಲಿ ವಿಕೆಟ್ಟು ನೆಡುತ್ತಿದ್ದರು.

1875ರಲ್ಲಿ ಯುರೋಪಿಯನ್ನರು ಆ ಬಯಲಿನ ದಕ್ಷಿಣದ ತುದಿಯಲ್ಲಿ ಬಾಂಬೆ ಜಿಮಖಾನಾವನ್ನು ಸ್ಥಾಪಿಸಿದರು. ಭಾರತೀಯರಿಗೆ ಅಲ್ಲಿ ಸದಸ್ಯತ್ವವಿರಲಿಲ್ಲ. ಅದರ ಸದಸ್ಯರಲ್ಲಿ ಕೆಲವರಿಗೆ ಪೋಲೋ ಆಟದ ಹುಚ್ಚು. ಕುದುರೆಗಳನ್ನು ಓಡಿಸಲು ಜಿಮಖಾನಾದ ನೆಲ ಸಾಲದು. ಹೀಗಾಗಿ ಅವರು ಪಕ್ಕದ ಸಾರ್ವಜನಿಕ ಬಯಲಿಗೆ ಕುದುರೆಗಳನ್ನು ಇಳಿಸಿದರು. ಗೊರಸುಗಳ ತುಳಿತದಿಂದ ನೆಲವೆಲ್ಲ ಗುಂಡಿ ಬಿದ್ದಿತು. ಕ್ರಿಕೆಟ್ ಆಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿ ಬಿದ್ದ ನೆಲದಲ್ಲಿ ಚೆಂಡು ಹೇಗೆ ಏಳುವುದೆಂದು ಬ್ರಹ್ಮನಿಗೂ ತಿಳಿಯದು. ಮೂಗು, ಹಲ್ಲು ಎಲ್ಲವೂ ಅಪಾಯದಲ್ಲಿಯೇ.

1881ರಲ್ಲಿ ಭಾರತೀಯ ಆಟಗಾರರು ಸರಕಾರಕ್ಕೆ ಅರ್ಜಿ ಬರೆದರು. ನೂರಾರು ಜನ ಸಹಿ ಹಾಕಿದರು. ಈ ಹೋರಾಟದ ಮುಂದಾಳು ಶಾಪೂರ್ಜಿ ಸೊರಾಬ್ಜಿ ಎಂಬ ಪಾರ್ಸಿ ಗೃಹಸ್ಥರು. ಮುಂದೆ 1897ರಲ್ಲಿ ಅವರು ಈ ವ್ಯಾಜ್ಯವನ್ನೆಲ್ಲ ಒಂದು ಪುಸ್ತಕವಾಗಿಯೇ ಅಚ್ಚುಹಾಕಿಸಿದರು. ಅವರ ವಾದ ಬಹಳ ಸರಳವಾಗಿತ್ತು. ಕುದುರೆ ಏರಿ ಆಡುವವರು ಬೆರಳೆಣಿಕೆಯಷ್ಟು ಮಂದಿ, ಬಯಲನ್ನು ನಂಬಿ ಆಡುವ ಹುಡುಗರು ನೂರಾರು. ಸಾಹೇಬರಿಗೆ ತಮ್ಮದೇ ಜಿಮಖಾನಾ ಇದೆ, ಹುಡುಗರಿಗೆ ಈ ಬಯಲನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಅಂದಮೇಲೆ ನ್ಯಾಯ ಯಾವ ಕಡೆಗಿದೆ?

1882ರಲ್ಲಿ ಸರಕಾರ ಈ ವಾದಕ್ಕೆ ಕಿವಿಗೊಟ್ಟಿತು. ಪೋಲೋ ಆಟ ಆ ಬಯಲಿನಿಂದ ಹೊರಬಿದ್ದಿತು. ಆದರೆ ಜಿಮಖಾನಾದವರು ಸುಮ್ಮನೆ ಕೂಡಲಿಲ್ಲ. ಗವರ್ನರರ ಮನೆಯ ಬಾಗಿಲು ಅವರಿಗೆ ದೂರವಿರಲಿಲ್ಲ. 1883ರಲ್ಲಿ ಹುಕುಮು ತಿರುಗಿತು, ಕುದುರೆಗಳೂ ಹಿಂದಿರುಗಿದವು. ಮತ್ತೆ ಅರ್ಜಿಗಳು, ಮತ್ತೆ ಸಹಿಗಳು. ಒಂದು ವರ್ಷ ಜಮೆಯಾದದ್ದು ಮರುವರ್ಷ ಖರ್ಚಿಗೆ ಬಿದ್ದಂತಾಯಿತು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶಾಪೂರ್ಜಿಯವರು ಆ ಅರ್ಜಿಗಳಲ್ಲಿ ಕೇಳಿದ್ದು ಪಾರ್ಸಿಗಳಿಗೆ ಬೇರೆ ಬಯಲನ್ನಲ್ಲ. ಇರುವ ಬಯಲು ಆಡುವವರೆಲ್ಲರಿಗೂ ಉಳಿಯಬೇಕೆಂಬುದೇ ಅವರ ಬೇಡಿಕೆಯಾಗಿತ್ತು.

ಸರಕಾರ ಮುಂದೆ ಹಿಡಿದ ದಾರಿ ಬೇರೆ. 1885ರಲ್ಲಿ ಪಾರ್ಸಿ ಜಿಮಖಾನಾ ಸ್ಥಾಪಿತವಾಗಿತ್ತು. 1887ರಲ್ಲಿ ಅದಕ್ಕೆ ಸಮುದ್ರದಂಡೆಯ ಕೆನೆಡಿ ಸೀ ಫೇಸ್ ಎಂಬಲ್ಲಿ ನೆಲ ದೊರಕಿತು. ಪಾರ್ಸಿಗಳು ಆಟದಲ್ಲಿ ಮುಂದಿದ್ದರು. 1886ರಲ್ಲಿಯೂ 1888ರಲ್ಲಿಯೂ ಅವರ ತಂಡ ಇಂಗ್ಲೆಂಡಿಗೆ ಹೋಗಿಬಂದಿತು. 1890ರ ಜನವರಿಯಲ್ಲಿ ಅವರು ವರ್ನನ್ ಎಂಬವರ ಇಂಗ್ಲಿಷ್ ತಂಡವನ್ನು ಮುಂಬಯಿಯಲ್ಲಿಯೇ ಸೋಲಿಸಿದರು. ಅವರಿಗೆ ನೆಲ ದೊರೆತುದನ್ನು ಕಂಡು ಮುಸಲ್ಮಾನರು ಬದ್ರುದ್ದೀನ್ ತಯ್ಯಬ್‌ಜಿಯವರ ಮುಂದಾಳುತನದಲ್ಲಿ ತಮಗೂ ಬೇಕೆಂದು ಕೇಳಿದರು. ಹಿಂದೂಗಳೂ ಕೇಳಿದರು.

ಆಗ ಗವರ್ನರರಾಗಿದ್ದವರು ಲಾರ್ಡ್ ಹ್ಯಾರಿಸ್. ಸ್ವತಃ ಇಂಗ್ಲೆಂಡ್ ತಂಡದ ನಾಯಕರಾಗಿದ್ದ ಕ್ರಿಕೆಟಿಗರು. 1892ರಲ್ಲಿ ಅವರು ಬರೆದ ಟಿಪ್ಪಣಿಯ ಸಾರಾಂಶ ಇಷ್ಟು: ಈ ಅರ್ಜಿಗಳನ್ನು ನಿರಾಕರಿಸುವುದು ಹೇಗೆಂದು ತಿಳಿಯದು, ಕೊಟ್ಟುಬಿಡೋಣ. ಆದರೆ ಒಂದೊಂದು ಜನಾಂಗಕ್ಕೆ ಗೌರವಸ್ಥರ ಆಶ್ರಯದಲ್ಲಿ ಒಂದೊಂದು ಜಿಮಖಾನಾ ಆದ ಮೇಲೆ ಇನ್ನಾರು ಬಂದರೂ ಕೊಡುವುದಿಲ್ಲ. ನಿಮ್ಮ ಜನಾಂಗಕ್ಕೆ ನೆಲ ಕೊಟ್ಟಾಗಿದೆ, ಹೋಗಿ ಆ ಕ್ಲಬ್ಬನ್ನೇ ಸೇರಿಕೊಳ್ಳಿರಿ ಎಂದು ಹೇಳಿ ಕಳಿಸುವುದು. ಹೀಗೆ ಇಸ್ಲಾಂ ಜಿಮಖಾನಾಕ್ಕೂ ನೆಲ ಸಿಕ್ಕಿತು. 1894ರ ಮೇ ತಿಂಗಳಲ್ಲಿ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾ ತೆರೆಯಿತು.

ಮೇಲಿಂದ ನೋಡಿದರೆ ಲೆಕ್ಕ ಸರಿಯಾಗಿ ತಾಳೆಬೀಳುತ್ತದೆ. ಮೂರು ಸಮುದಾಯ, ಮೂರು ಬಯಲು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಇಲ್ಲವೆಂದಿಲ್ಲ. ಕಚೇರಿಯ ಕಡತಕ್ಕೆ ಇಷ್ಟು ಸಾಕು. ಆದರೆ ತಾಳೆಬಿದ್ದ ಲೆಕ್ಕವೆಲ್ಲ ನಿಜವಾದ ಲೆಕ್ಕವಲ್ಲವೆಂಬುದನ್ನು ನಮ್ಮಂತಹ ಗುಮಾಸ್ತರು ಬಲ್ಲರು. ಎರಡೂ ಕಡೆಯ ಮೊತ್ತ ಒಂದೇ ಆಗಿದ್ದರೂ ಒಳಗೆ ತಪ್ಪು ಅಡಗಿರಬಹುದು.

ಮೊದಲನೆಯ ತಪ್ಪು ಅಳತೆಯದು. 1891ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ ಎಂಟು ಲಕ್ಷಕ್ಕೆ ಮೀರಿತ್ತು. ಅದರಲ್ಲಿ ಹಿಂದೂಗಳು ಐದು ಲಕ್ಷಕ್ಕೂ ಹೆಚ್ಚು, ಪಾರ್ಸಿಗಳು ಐವತ್ತು ಸಾವಿರದ ಒಳಗೆ. ತಲೆ ಎಣಿಸಿದರೆ ಪ್ರತಿಯೊಬ್ಬರಿಗೂ ಒಂದೊಂದು ಬಯಲೆಂಬುದು ಸಮಪಾಲಲ್ಲ. ಹಾಗೆಂದು ತಲೆ ಎಣಿಸುವುದೇ ನ್ಯಾಯವೆಂದೂ ಹೇಳಲಾಗದು. ಆಟವನ್ನು ನಮ್ಮವರಲ್ಲಿ ಮೊದಲು ಕಲಿತು ಬೆಳೆಸಿದವರು ಪಾರ್ಸಿಗಳು. ಆಡುವವರನ್ನು ಎಣಿಸಿದರೆ ಆ ಸಣ್ಣ ಸಮುದಾಯದ ಪಾಲು ಹಿರಿದಾಗುತ್ತದೆ. ಹೀಗೆ ತಲೆ ಎಣಿಸುವುದೋ, ಆಟಗಾರರನ್ನು ಎಣಿಸುವುದೋ ಎಂಬ ಕಠಿಣ ಪ್ರಶ್ನೆ ಇತ್ತು. ಸರಕಾರ ಎರಡನ್ನೂ ಎಣಿಸಲಿಲ್ಲ. ಅದು ಎಣಿಸಿದ್ದು ಹೆಸರುಗಳನ್ನು ಮಾತ್ರ.

ಎರಡನೆಯ ತಪ್ಪು ಬಾಗಿಲಿನದು. ಗೌರವಸ್ಥರ ಆಶ್ರಯ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೆಲ ಹಿಂದೂಗಳಿಗೆ ಕೊಟ್ಟಾಯಿತು ಎಂದರೆ ಯಾವ ಹಿಂದೂಗಳಿಗೆ? ಚಂದಾ ಕೊಡಬಲ್ಲವರಿಗೆ, ದೊಡ್ಡವರ ಪರಿಚಯವುಳ್ಳವರಿಗೆ. ಗಿರಣಿಯಲ್ಲಿ ದುಡಿಯುವವನ ಮಗನ ಪಾಲೂ ಆ ಲೆಕ್ಕದಲ್ಲಿ ಸಂದಾಯವಾಯಿತೆಂದು ಬರೆಯಲ್ಪಟ್ಟಿತು. ಆದರೆ ಅವನ ಕೈಗೆ ಏನೂ ಬರಲಿಲ್ಲ.

ಇದಕ್ಕೆ ನಿದರ್ಶನವಾಗಿ ನಮ್ಮ ನಾಡಿಗೇ ಸಂಬಂಧಪಟ್ಟ ಒಬ್ಬ ಮಹನೀಯರ ಕಥೆಯಿದೆ. ಪಾಲ್ವಣಕರ ಬಾಳೂ ಅವರು ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಧಾರವಾಡ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಕುಟುಂಬದ ಮೂಲ ಕೊಂಕಣ, ತಂದೆ ಸೈನ್ಯದ ನೌಕರಿಯಲ್ಲಿದ್ದವರು, ಜಾತಿ ಚಮ್ಮಾರ. ಅಂದಿನ ಸಮಾಜ ಮುಟ್ಟದೆ ದೂರವಿಟ್ಟಿದ್ದ ಜನ. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಅವರು ನೆಲ ಸಮಮಾಡುವ, ಬಲೆ ಕಟ್ಟುವ ಕೆಲಸಕ್ಕಿದ್ದರು. ಸಾಹೇಬರಿಗೆ ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಎಡಗೈಯಿಂದ ಚೆಂಡು ಎಸೆಯುತ್ತಿದ್ದರು. ಆ ಎಸೆತವೇ ಅವರನ್ನು ದೇಶದ ಶ್ರೇಷ್ಠ ಬೌಲರರಲ್ಲಿ ಒಬ್ಬರನ್ನಾಗಿ ಮಾಡಿತು.

ಪುಣೆಯ ಹಿಂದೂಗಳಿಗೆ ಗೆಲುವು ಬೇಕಾಗಿತ್ತು. ಆದ್ದರಿಂದ ಬಾಳೂ ಅವರನ್ನು ತಂಡಕ್ಕೆ ತೆಗೆದುಕೊಂಡರು. ಬಯಲಿನಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ಚಹಾದ ಹೊತ್ತಿನಲ್ಲಿ ಮಾತ್ರ ಬಾಳೂ ಹೊರಗೆ. ಒಳಗಿನವರಿಗೆ ಪಿಂಗಾಣಿ ಬಟ್ಟಲು, ಅವರಿಗೆ ಎಸೆದುಬಿಡುವ ಮಣ್ಣಿನ ಕುಡಿಕೆ. ಮುಂದೆ ಅವರು ಮುಂಬಯಿಗೆ ಬಂದು ಹಿಂದೂ ಜಿಮಖಾನಾದ ಪರವಾಗಿ ಆಡಿದರು. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಎಂಟು ವಿಕೆಟ್ಟು ಕಿತ್ತವರು ಅವರೇ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು ಪಡೆದರು. ಇಷ್ಟೆಲ್ಲ ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅವರ ತಮ್ಮ ವಿಠ್ಠಲರಿಗೆ ಆ ಮಾನ ದೊರೆತದ್ದು 1923ರಲ್ಲಿ.

ನೆಲದ ಕಾಗದದಲ್ಲಿ ಹಿಂದೂಗಳಿಗೆ ಎಂದು ಬರೆದಿತ್ತು. ಬಾಳೂ ಹಿಂದೂವೇ. ಆದರೆ ಕಾಗದದಲ್ಲಿರುವ ಹಕ್ಕು ಚಹಾದ ಬಟ್ಟಲಿನವರೆಗೆ ತಲುಪಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ಧಾರವಾಡದ ಕಡೆಯವರಾದ ನಾವು ಮರೆಯಬಾರದು. ಸಮುದಾಯಕ್ಕೆ ಕೊಟ್ಟದ್ದು ತಾನಾಗಿಯೇ ಸಮುದಾಯದ ಕೊನೆಯವನಿಗೆ ಮುಟ್ಟುವುದಿಲ್ಲ.

ಮೂರನೆಯ ತಪ್ಪು ಬೆಳೆಯುತ್ತ ಹೋದದ್ದು. ಬಯಲು ಬೇರೆಯಾದ ಮೇಲೆ ತಂಡಗಳೂ ಅದೇ ಗೆರೆಯಲ್ಲಿ ಗಟ್ಟಿಯಾದವು. ಯುರೋಪಿಯನ್ನರಿಗೂ ಪಾರ್ಸಿಗಳಿಗೂ 1892ರಿಂದ ಪಂದ್ಯ ನಡೆದಿತ್ತು. 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸಲ್ಮಾನರು ಸೇರಿದರು. 1937ರಲ್ಲಿ ಉಳಿದವರೆಲ್ಲರ ತಂಡವೂ ಸೇರಿ ಪೆಂಟಾಂಗ್ಯುಲರ್ ಆಯಿತು. ಆಟ ಉತ್ತಮವಾಗಿಯೇ ಇತ್ತು, ಜನ ಸಾವಿರಗಟ್ಟಲೆ ಬರುತ್ತಿದ್ದರು. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಹಂಚಿಕೆಯ ಜಗಳ ನೆಲದಿಂದ ಕುರ್ಚಿಗೆ ಇಳಿಯಿತು. ಅದೇ 1937ರಲ್ಲಿ ಹೊಸದಾದ ಬ್ರೇಬೋರ್ನ್ ಸ್ಟೇಡಿಯಂನಲ್ಲಿ ತಮಗೆ ಕೊಟ್ಟ ಆಸನಗಳು ಸಾಲವೆಂದು ಹಿಂದೂ ಜಿಮಖಾನಾ ಪಂದ್ಯಗಳಿಂದಲೇ ಹಿಂದೆ ಸರಿಯಿತು. 1940ರ ಡಿಸೆಂಬರಿನಲ್ಲಿ ಹಿಂದೂ ಜಿಮಖಾನಾದವರು ಗಾಂಧೀಜಿಯವರನ್ನು ಕಂಡು ಅಭಿಪ್ರಾಯ ಕೇಳಿದಾಗ, ಮತದ ಲೆಕ್ಕದಲ್ಲಿ ತಂಡ ಕಟ್ಟಿ ಆಡುವುದು ತಮಗೆ ಒಪ್ಪಿಗೆಯಿಲ್ಲವೆಂದು ಅವರು ಸ್ಪಷ್ಟವಾಗಿ ತಿಳಿಸಿದರು. 1946ರ ಹೊತ್ತಿಗೆ ಆ ಪಂದ್ಯಾವಳಿ ನಿಂತೇಹೋಯಿತು. ಬಯಲುಗಳು ಮಾತ್ರ ಹಳೆಯ ಹೆಸರುಗಳಲ್ಲಿ ಇಂದಿಗೂ ಇವೆ. ಕಾಲ ಬದಲಾಗಿದೆ ಎಂಬುದನ್ನೂ ಹೇಳಬೇಕು. ಇಂದು ಪಾರ್ಸಿ ಜಿಮಖಾನಾದ ಕ್ರಿಕೆಟ್ ತಂಡದಲ್ಲಿ ಪಾರ್ಸಿಗಳಲ್ಲದವರೂ ಆಡುತ್ತಾರೆ.

ಇನ್ನು ಹಂಚದೆ ಉಳಿದ ಬಯಲಿನ ಕಡೆಗೆ ಬರೋಣ. ಯಾವ ಬಯಲಿಗಾಗಿ ಶಾಪೂರ್ಜಿ ಸೊರಾಬ್ಜಿಯವರು ಅರ್ಜಿ ಬರೆದರೋ ಆ ಬಯಲಿನ ಭಾಗವೇ ಇಂದಿನ ಆಜಾದ್ ಮೈದಾನ. ರವಿವಾರ ಅಲ್ಲಿಗೆ ಹೋದವರಿಗೆ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ವಿಕೆಟ್ಟಿನ ಪಕ್ಕ ನಿಂತಿರುವ ಸೋಜಿಗ ಕಾಣಸಿಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಪಿಚ್ಚುಗಳು ಒಂದೇ ಬಯಲಿನಲ್ಲಿವೆ. ಕ್ಲಬ್ಬುಗಳ ಡೇರೆಗಳು ಅಂಚಿನಲ್ಲಿವೆ, ನಡುವಿನ ನೆಲಕ್ಕೆ ಗೋಡೆಯಿಲ್ಲ. 1948ರಲ್ಲಿ ಆರಂಭವಾದ ಕಾಂಗಾ ಲೀಗ್ ಪಂದ್ಯಗಳು ಮಳೆಗಾಲದಲ್ಲಿ ಇಂತಹ ಬಯಲುಗಳಲ್ಲಿಯೇ ನಡೆಯುತ್ತ ಬಂದಿವೆ. 1988ರಲ್ಲಿ ಸಚಿನ್ ತೆಂಡುಲ್ಕರ್, ವಿನೋದ್ ಕಾಂಬ್ಳಿ ಎಂಬ ಇಬ್ಬರು ಶಾಲಾಬಾಲಕರು ಒಟ್ಟಿಗೆ ಮುರಿಯದೆ 664 ಓಟ ಕೂಡಿಸಿದ್ದು ಇಲ್ಲಿಯೇ. ಆ ಶಾಲಾ ಪಂದ್ಯಾವಳಿಯ ಹೆಸರು ಹ್ಯಾರಿಸ್ ಶೀಲ್ಡ್. ಜನಾಂಗಕ್ಕೊಂದು ಬಯಲೆಂದು ಟಿಪ್ಪಣಿ ಬರೆದ ಅದೇ ಲಾರ್ಡ್ ಹ್ಯಾರಿಸರ ಹೆಸರು! ಅವರ ಹೆಸರಿನ ಢಾಲು ಅವರು ಹಂಚದೆ ಬಿಟ್ಟ ನೆಲದಲ್ಲಿ ಹೆಚ್ಚು ಬೆಳಗಿತು ಎನ್ನಬೇಕು.

ಹಳೆಯ ಖಾತೆಯನ್ನು ಇಷ್ಟು ನೋಡಿದ ಮೇಲೆ ನಮ್ಮ ಅರ್ಜಿಯ ಕರಡಿಗೆ ಕುಳಿತೆವು. ಮೊದಲ ಸಾಲನ್ನು ಸಭೆಯ ಇಚ್ಛೆಯಂತೆಯೇ ಬರೆದೆವು: ಈ ನಗರದ ಕನ್ನಡಿಗರಿಗಾಗಿ ಪ್ರತ್ಯೇಕವಾದ ಆಟದ ಬಯಲೊಂದನ್ನು ಮಂಜೂರು ಮಾಡಬೇಕು. ನಮ್ಮ ಹತ್ತು ವರ್ಷದ ಮಗಳು ಪಕ್ಕದಲ್ಲಿ ನಿಂತು ಏನು ಬರೆಯುತ್ತಿರುವಿರೆಂದು ಕೇಳಿದಳು. ಹೇಳಿದೆವು. ಆಕೆಗೆ ಬಹಳ ಸಂತೋಷವಾಯಿತು. ಆಕೆ ಸಂಜೆ ಚಾಳಿನ ಅಂಗಳದಲ್ಲಿ ಆಡುವುದು ಎದುರುಮನೆಯ ಹುಡುಗಿಯೊಡನೆ. ಆ ಮನೆಯವರು ಉತ್ತರಪ್ರದೇಶದ ಕಡೆಯಿಂದ ಬಂದವರು. "ಅಪ್ಪಾ, ಅಲ್ಲಿಗೆ ಆಕಿನ್ನೂ ಕರಕೊಂಡು ಹೋಗಬಹುದಲ್ಲಾ?" ಎಂದಳು ಮಗಳು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನಾವು ಬರೆದ ಸಾಲಿನ ಪ್ರಕಾರ ಕರೆದೊಯ್ಯುವಂತಿರಲಿಲ್ಲ. ಲಾರ್ಡ್ ಹ್ಯಾರಿಸರ ಟಿಪ್ಪಣಿಯನ್ನೇ ನಾವು ಕನ್ನಡದಲ್ಲಿ ನಕಲು ಮಾಡಿದ್ದೆವು.

ಆ ಹಾಳೆಯನ್ನು ಹರಿದು ಬೇರೆ ಕರಡು ಬರೆದೆವು. ಅದನ್ನು ಮುಂದಿನ ಸಭೆಯಲ್ಲಿ ಮಂಡಿಸುವವರಿದ್ದೇವೆ. ಸದಸ್ಯರು ಮೊದಲೇ ಯೋಚಿಸಲೆಂದು ಅದರ ಮುಖ್ಯಾಂಶಗಳನ್ನು ಇಲ್ಲಿ ಕೊಡುತ್ತೇವೆ.

ಒಂದನೆಯದು, ನಾವು ಬೇಲಿ ಕೇಳದೆ ವೇಳೆಯನ್ನು ಕೇಳೋಣ. ನಮ್ಮ ವಸತಿಗಳ ಬಳಿಯ ಸಾರ್ವಜನಿಕ ಬಯಲಿನಲ್ಲಿ ವಾರದಲ್ಲಿ ಇಂತಿಷ್ಟು ಗಂಟೆ ನಮ್ಮ ಮಕ್ಕಳ ಆಟಕ್ಕೆ ಅನುಮತಿ ಸಿಗಲಿ. ಉಳಿದ ವೇಳೆ ಬೇರೆಯವರಿಗಿರಲಿ. ಎರಡನೆಯದು, ಸರಕಾರದ ಅನುದಾನ ಬಂದರೆ ಅದನ್ನು ಆಡುವ ಮಕ್ಕಳ ಸಂಖ್ಯೆಗೆ ತಕ್ಕಂತೆ ವ್ಯಯಮಾಡಿ, ಪೈಸೆ ಪೈಸೆಯ ಲೆಕ್ಕವನ್ನು ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯೋಣ. ಹುಡುಗಿಯರದು ಬೇರೆ ಅಂಕಣವಾಗಿರಲಿ. ನೂರಮೂವತ್ತು ವರ್ಷಗಳ ಹಿಂದಿನ ಆ ಹಂಚಿಕೆಯಲ್ಲಿ ಹುಡುಗಿಯರೆಂಬ ಮಾತೇ ಇರಲಿಲ್ಲ. ಮೂರನೆಯದು, ಸಂಘದ ಚಂದಾ ಕೊಡಲಾಗದ ಮನೆಯ ಮಗು, ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಕನ್ನಡಿಗ ಹುಡುಗ, ಚಾಳಿನ ಎದುರುಮನೆಯ ಮಗು ಇವರಾರೂ ಹೊರಗೆ ನಿಂತು ನೋಡುವಂತಾಗಬಾರದು. ಚಹಾ ಕೊಟ್ಟರೆ ಎಲ್ಲರಿಗೂ ಒಂದೇ ಬಟ್ಟಲು.

ಇದರಿಂದ ಕನ್ನಡದ ಹೆಸರು ಅಳಿಸಿಹೋಗುವುದೆಂದು ಕೆಲವರು ಶಂಕಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಕನ್ನಡಿಗರ ಸಂಘ ನಡೆಸುವ ಬಯಲಿನಲ್ಲಿ ನೆರೆಯ ಮಕ್ಕಳು ಕನ್ನಡದಲ್ಲಿ ಅಂಕ ಎಣಿಸಲು ಕಲಿತರೆ ಅದಕ್ಕಿಂತ ದೊಡ್ಡ ಫಲಕ ಯಾವುದಿದೆ? 1956ರ ನವೆಂಬರ್ 1ರಂದು ಹಂಚಿಹೋಗಿದ್ದ ನಾಡು ಒಂದಾಯಿತೆಂದು ನಾವು ಪ್ರತಿ ವರ್ಷ ದೀಪ ಹಚ್ಚುತ್ತೇವೆ. ಹಂಚಿಹೋದವರ ನೋವನ್ನು ಬಲ್ಲ ಜನ ನಾವು. ಬಯಲನ್ನು ಮತ್ತೊಂದು ತುಂಡಾಗಿ ಹಂಚಿಕೊಡಿರೆಂದು ಅರ್ಜಿ ಹಾಕುವ ಮೊದಲು ಸದಸ್ಯ ಬಂಧುಗಳು ಒಂದು ಗಳಿಗೆ ವಿಚಾರಮಾಡಬೇಕೆಂದು ಬೇಡಿಕೊಳ್ಳುತ್ತೇವೆ. ಕರಡು ಕಾರ್ಯದರ್ಶಿಗಳ ಬಳಿ ಇದೆ. ತಿದ್ದುವವರು ತಿದ್ದಬಹುದು.